ಫ್ರೆಡ್ ಮತ್ತು ಜಿಂಜರ್ ಕುಣಿದ ಊರಿನಲ್ಲಿ

ಲಾಸ್ ಏಂಜಲೀಸ್‌ಗೆ ಹೋದವರು ಸಾಮಾನ್ಯವಾಗಿ ಬೆಟ್ಟದ ಮೇಲಿನ ಹಾಲಿವುಡ್ ಬೋರ್ಡ್ ನೋಡಿ, ಫೋಟೋ ತೆಗೆದುಕೊಂಡು ಬರುತ್ತಾರೆ. ನನಗೆ ಅದರ ಆಸೆ ಜಾಸ್ತಿ ಇರಲಿಲ್ಲ. ಫ್ರೆಡ್ ಆಸ್ಟೇರ್ ಮತ್ತು ಜಿಂಜರ್ ರಾಜರ್ಸ್ ಕುಣಿದ ಜಾಗ ನೋಡಬೇಕಿತ್ತು. 1933ರಿಂದ 1939ರೊಳಗೆ ಆರ್‌ಕೆಓ ಸ್ಟುಡಿಯೋಗೆ ಒಂಬತ್ತು ಸಿನಿಮಾ, ಆಮೇಲೆ ಹತ್ತು ವರ್ಷ ಬಿಟ್ಟು ಎಂಜಿಎಂಗೆ ಇನ್ನೊಂದು. ಅಷ್ಟೇ ಅವರ ಜೋಡಿ. ಆದರೂ ಹಾಲಿವುಡ್ ಡ್ಯಾನ್ಸ್ ಅಂದರೆ ಇವತ್ತಿಗೂ ಮೊದಲು ಬರುವುದು ಇವರದೇ ಹೆಸರು.

ಸಿನಿಮಾ ತಾರೆಯರು ಹಸಿ ಸಿಮೆಂಟಿನಲ್ಲಿ ಕೈ, ಕಾಲಿನ ಗುರುತು ಒತ್ತಿ ಹೋಗುವ ಚೈನೀಸ್ ಥಿಯೇಟರ್ ಅಂಗಳದಲ್ಲಿ ಸಿಕ್ಕಾಪಟ್ಟೆ ಜನ. ಸಿಮೆಂಟಿನಲ್ಲಿ ಫ್ರೆಡ್ ಗುರುತು 1938ರದ್ದು, ಜಿಂಜರ್‌ದು 1939ರದ್ದು. ನೋಡಿ ಹೊರಟೆ.

ಅಲ್ಲಿಂದ ಕಾರಿನಲ್ಲಿ ಸುಮಾರು 40 ಕಿಲೋಮೀಟರ್ ದೂರದ ಚಾಟ್ಸ್‌ವರ್ತ್‌ಗೆ. ಅಲ್ಲಿನ ಓಕ್‌ವುಡ್ ಸ್ಮಶಾನದಲ್ಲೇ ಇಬ್ಬರೂ ಇದ್ದಾರೆ. ಫ್ರೆಡ್ ತೀರಿಕೊಂಡಿದ್ದು 1987ರಲ್ಲಿ, ಜಿಂಜರ್ 1995ರಲ್ಲಿ. ದೊಡ್ಡ ಗೋರಿ, ವಿಗ್ರಹ ಏನೂ ಇಲ್ಲ, ಹುಲ್ಲಿನ ಮಟ್ಟಕ್ಕೆ ಹಾಸಿದ ಫಲಕಗಳು ಅಷ್ಟೇ. ಜಿಂಜರ್ ಪಕ್ಕದಲ್ಲಿ ಅವಳ ತಾಯಿ ಲೀಲಾ. ಫ್ರೆಡ್‌ನ ಅಕ್ಕ ಅಡೆಲ್ ಕೂಡ ಇದೇ ಸ್ಮಶಾನದಲ್ಲಿದ್ದಾಳೆ. ಚಿಕ್ಕಂದಿನಿಂದ ರಂಗದ ಮೇಲೆ ಫ್ರೆಡ್‌ಗೆ ಜೋಡಿಯಾಗಿದ್ದವಳು ಈ ಅಕ್ಕನೇ. 1932ರಲ್ಲಿ ಅವಳು ಮದುವೆಯಾಗಿ ಕುಣಿತ ಬಿಟ್ಟಳು, ಆಮೇಲೇ ಫ್ರೆಡ್ ಸಿನಿಮಾ ಕಡೆ ತಿರುಗಿದ್ದು. ಅವಳು ಬಿಡದೆ ಇದ್ದಿದ್ದರೆ ಜಿಂಜರ್ ಜೋಡಿಯಾಗುತ್ತಿದ್ದಳೋ ಇಲ್ಲವೋ!

ಮತ್ತೆ ಊರೊಳಗೆ ಬಂದು ಮೆಲ್ರೋಸ್ ಅವೆನ್ಯೂ, ಗೋವರ್ ಸ್ಟ್ರೀಟ್ ಸೇರುವ ಮೂಲೆಗೆ ಹೋದೆ. ಹಳೆಯ ಆರ್‌ಕೆಓ ಸ್ಟುಡಿಯೋ ಇದ್ದದ್ದು ಇಲ್ಲೇ. ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಇದು. ಕಟ್ಟಡದ ಮೂಲೆಯಲ್ಲಿ ಆರ್‌ಕೆಓ ಕಂಪನಿಯ ಗುರುತಾದ ಆ ದೊಡ್ಡ ಭೂಗೋಳ ಈಗಲೂ ಇದೆ. ಜಾಗ ಮಾತ್ರ ಈಗ ಪ್ಯಾರಮೌಂಟ್ ಸ್ಟುಡಿಯೋದು. ನಡುವೆ 1957ರಲ್ಲಿ ಇದನ್ನು ಕೊಂಡಿದ್ದು ಟಿವಿ ಹಾಸ್ಯನಟಿ ಲೂಸಿಲ್ ಬಾಲ್ ಮತ್ತು ಅವಳ ಗಂಡನ ಕಂಪನಿ. 1935ರ ಫ್ರೆಡ್-ಜಿಂಜರ್ ಸಿನಿಮಾ ‘ಟಾಪ್ ಹ್ಯಾಟ್’ನಲ್ಲಿ ಹೂವಿನಂಗಡಿ ಹುಡುಗಿಯಾಗಿ ಒಂದು ಚಿಕ್ಕ ಪಾತ್ರ ಮಾಡಿದ್ದಳಲ್ಲ, ಅದೇ ಲೂಸಿಲ್.

ಈ ಗೋಡೆಗಳ ಆಚೆ ನಡೆದ ಕೆಲಸ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ. ಫ್ರೆಡ್ ಮತ್ತು ನೃತ್ಯ ನಿರ್ದೇಶಕ ಹರ್ಮೀಸ್ ಪ್ಯಾನ್ ವಾರಗಟ್ಟಲೆ ಕೂತು ಹೆಜ್ಜೆ ಕಟ್ಟುತ್ತಿದ್ದರು, ಆಗ ಜಿಂಜರ್ ಜಾಗದಲ್ಲಿ ನಿಂತು ಕುಣಿಯುತ್ತಿದ್ದವನು ಪ್ಯಾನ್, ಆಮೇಲೆ ಅವನೇ ಅದನ್ನು ಜಿಂಜರ್‌ಗೆ ಕಲಿಸುತ್ತಿದ್ದ. ಕ್ಯಾಮೆರಾ ತಲೆಯಿಂದ ಪಾದದವರೆಗೆ ಪೂರ್ತಿ ದೇಹ ತೋರಿಸಬೇಕು, ಸಾಧ್ಯವಾದಷ್ಟು ಕತ್ತರಿ ಹಾಕಬಾರದು, ಇದು ಫ್ರೆಡ್‌ನ ಹಟ. ಒಂದು ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿಂದ. ಜಿಂಜರ್ ಇದರ ಮಧ್ಯೆ ಬೇರೆ ಸಿನಿಮಾಗಳಲ್ಲೂ ನಟಿಸುತ್ತಿದ್ದಳು, ಅದನ್ನು ಜನ ಮರೆತೇ ಬಿಡುತ್ತಾರೆ.

ಹಟದಲ್ಲಿ ಅವಳೇನು ಕಡಿಮೆ ಇರಲಿಲ್ಲ. ‘ಟಾಪ್ ಹ್ಯಾಟ್’ನ ಒಂದು ಹಾಡಿಗೆ ಆಸ್ಟ್ರಿಚ್ ಗರಿಗಳ ಉಡುಪು ಹಾಕಿ ಬಂದಳು. ಗರಿಗಳು ಉದುರಿ ಫ್ರೆಡ್ ಕೋಟಿನ ಮೇಲೆಲ್ಲ ಅಂಟಿದವು, ಅವನಿಗೆ ಸಿಟ್ಟು ಬಂತು. ಅವಳು ಉಡುಪು ಬದಲಿಸಲಿಲ್ಲ. ತೆರೆಯ ಮೇಲೆ ನೋಡಿದರೆ ಅವಳು ತಿರುಗಿದಾಗೆಲ್ಲ ಆ ಗರಿಗಳೂ ಅವಳ ಜೊತೆ ಕುಣಿಯುತ್ತವೆ. ಅವಳು ಹೇಳಿದ್ದೇ ಸರಿ, ಅಲ್ವಾ? ಕೊನೆಗೆ ಫ್ರೆಡ್ ಕೂಡ ಅವಳಿಗೆ ಚಿನ್ನದ ಒಂದು ಪುಟ್ಟ ಗರಿ ಕಳಿಸಿ ರಾಜಿಯಾದ.

ರಾತ್ರಿ ರೂಮಿಗೆ ಬಂದು 1936ರ ‘ಸ್ವಿಂಗ್ ಟೈಮ್’ನ ಕೊನೆಯ ಕುಣಿತ ಹಾಕಿಕೊಂಡು ನೋಡಿದೆ. ಇಬ್ಬರೂ ಬೇರೆ ಬೇರೆ ಮೆಟ್ಟಿಲಿನಿಂದ ಮೇಲೆ ಹತ್ತುತ್ತಾರೆ, ಅಲ್ಲಿ ಜಿಂಜರ್ ಗಿರಗಿರ ತಿರುಗಿ ಹೊರಟು ಹೋಗುತ್ತಾಳೆ. ಇದಕ್ಕೆ 47 ಟೇಕ್ ಆಯಿತು, ಅವಳ ಪಾದದಿಂದ ರಕ್ತ ಬಂತು. ಅವಳ ಮುಖ, ಭುಜ, ಕೈ ಎಲ್ಲವನ್ನೂ ಹುಡುಕಿ ಹುಡುಕಿ ನೋಡಿದೆ, ನೋವಿನ ಒಂದು ಗುರುತೂ ಕಾಣಲಿಲ್ಲ. ಅಲ್ಲಿ ಇರುವುದು ಪ್ರೀತಿಸಿದವನನ್ನು ಬಿಟ್ಟು ಹೋಗುವ ಹುಡುಗಿಯ ದುಃಖ ಮಾತ್ರ. ಫ್ರೆಡ್‌ಗೆ ಆಮೇಲೆ ಎಷ್ಟೋ ಒಳ್ಳೆಯ ನರ್ತಕಿಯರು ಜೋಡಿಯಾದರು, ತಾಂತ್ರಿಕವಾಗಿ ಜಿಂಜರ್‌ಗಿಂತ ಚೆನ್ನಾಗಿ ಕುಣಿದವರೂ ಇದ್ದಾರೆ. ಆದರೆ ಕುಣಿಯುತ್ತಲೇ ಹೀಗೆ ನಟಿಸಿದವರು ನನ್ನ ಕಣ್ಣಿಗೆ ಇನ್ನೊಬ್ಬರು ಬಿದ್ದಿಲ್ಲ.