ತುಕ್ಕು ತಿನ್ನುವ ಪ್ರಾಣಿ

ದಾಳ ಉರುಳಿಸುತ್ತಾ, ಯೋಧನೋ ಮಂತ್ರವಾದಿಯೋ ಆಗಿ ಕಥೆ ಕಟ್ಟಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನನಗೆ ಡ್ರ್ಯಾಗನ್‌ಗಿಂತ ರಸ್ಟ್ ಮಾನ್‌ಸ್ಟರ್, ಅಂದರೆ ತುಕ್ಕು ರಾಕ್ಷಸ, ಜಾಸ್ತಿ ಇಷ್ಟ. 1974ರಲ್ಲಿ ಬಂದ ಈ ಆಟದ ಇಬ್ಬರು ಕರ್ತೃಗಳಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪ್ಯಾಕೆಟ್ ಒಂದನ್ನು ತಂದಿದ್ದರಂತೆ. ಹಾಂಗ್‌ಕಾಂಗ್‌ನಲ್ಲಿ ಮಾಡಿದವು. ಯಾವ ಪ್ರಾಣಿ ಅಂತಲೇ ಹೇಳಲಾಗದ ಆಕಾರಗಳು. ಅದರಲ್ಲಿ ಒಂದಕ್ಕೆ ಬಾಲದ ತುದಿಯಲ್ಲಿ ಪ್ರೊಪೆಲರ್ ಥರ ಏನೋ ಇತ್ತು. ಅದೇ ಆಟದಲ್ಲಿ ರಸ್ಟ್ ಮಾನ್‌ಸ್ಟರ್ ಆಯಿತು!

ಇದಕ್ಕೆ ನಮ್ಮ ಮಾಂಸ ಬೇಡ. ಮೀಸೆ ತಾಗಿದರೆ ಸಾಕು, ಕಬ್ಬಿಣದ ಕತ್ತಿ, ಕವಚ ಎಲ್ಲ ತುಕ್ಕು ಹಿಡಿದು ಉದುರುತ್ತವೆ. ಆ ತುಕ್ಕೇ ಅದರ ಊಟ. ಡ್ರ್ಯಾಗನ್ ಎದುರು ಎದೆಯುಬ್ಬಿಸಿ ನಿಲ್ಲುವ ಯೋಧ ಇದನ್ನು ಕಂಡರೆ ಓಟ ಕೀಳುತ್ತಾನೆ. ಮರದ ಕೋಲು ಹಿಡಿದ ಮಂತ್ರವಾದಿಗೆ ಮಾತ್ರ ಏನೂ ಚಿಂತೆಯಿಲ್ಲ. ಜೀವ ಹೋದರೆ ಹೋಗಲಿ, ಕಷ್ಟಪಟ್ಟು ಗಳಿಸಿದ ಕವಚ ಹೋಗಬಾರದು. ಆಟಗಾರರೇ ಹೀಗೆ, ಅಲ್ವಾ?

ಜೆಲಾಟಿನಸ್ ಕ್ಯೂಬ್ ಕೂಡ ಜಾಣ ಕಲ್ಪನೆ. ಹತ್ತಡಿ ಉದ್ದ, ಅಗಲ, ಎತ್ತರದ ಪಾರದರ್ಶಕ ಲೋಳೆ. ಆಟದ ಹಳೆಯ ಆವೃತ್ತಿಗಳಲ್ಲಿ ನೆಲಮಾಳಿಗೆಯ ನಕ್ಷೆಯ ಒಂದು ಚೌಕವೂ ಹತ್ತಡಿ ಇರುತ್ತಿತ್ತು. ಹಾಗಾಗಿ ಓಣಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತಿತ್ತು. ಪಕ್ಕಕ್ಕೆ ಸರಿಯಲು ಜಾಗವೇ ಇರುತ್ತಿರಲಿಲ್ಲ.

ಆಟಕ್ಕೆ ಹೊಸ ಪ್ರಾಣಿ ಕಟ್ಟುವವರು ಮೊದಲು ಹಲ್ಲು, ಉಗುರು ಎಣಿಸುತ್ತಾರೆ. ನಾನೂ ಅದೇ ಗುಂಪಿನವನು. ಸುಮ್ನೆ ಇನ್ನೊಂದು ತಲೆ ಸೇರಿಸಿದರೆ ಆಟಗಾರರು ಇನ್ನೊಂದು ಸಲ ದಾಳ ಉರುಳಿಸುತ್ತಾರೆ, ಅಷ್ಟೇ. ಈ ವಾರದ ನನ್ನ ಪ್ರಾಣಿಗೆ ಹಲ್ಲೇ ಇಲ್ಲ. ಅದು ಪಂಜಿನ ಬೆಳಕು ಕುಡಿಯುತ್ತದೆ. ಹೆಸರು ಬೇಕಾಗಿದೆ, ಹೊಳೆದರೆ ಹೇಳಿ.