ಜೂಟ್ ಬ್ಯಾಗಿನ ತಳದಲ್ಲಿ ಸಿಕ್ಕ ಕವರು

ನಮ್ಮ ಚರ್ಚಿನ ಹಾರ್ವೆಸ್ಟ್ ಹಬ್ಬ ನೋಡದವರಿಗೆ ಮೊದಲು ಅದನ್ನು ಹೇಳಬೇಕು. ನವೆಂಬರಿನ ಒಂದು ಭಾನುವಾರ ಕಬ್ಬಿನ ಜಲ್ಲೆ, ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿಗಳನ್ನು ತಂದು ಆಲ್ಟರ್ ಮುಂದೆ ಇಡುತ್ತೇವೆ. ಕಾಲು ಕಟ್ಟಿದ ನಾಟಿಕೋಳಿಗಳೂ ಇರುತ್ತವೆ, ಪಾದ್ರಿಯವರ ಪ್ರಸಂಗದ ನಡುವೆ ಒಂದೆರಡು ಸಲ ಕೂಗುತ್ತವೆ. ಆರಾಧನೆ ಮುಗಿದ ಮೇಲೆ ಕಾಂಪೌಂಡಿನ ಶಾಮಿಯಾನದಡಿ ಎಲ್ಲವೂ ಹರಾಜಿಗೆ ಬರುತ್ತವೆ. ಬೆಂಗಳೂರಿನಲ್ಲಿ ಹೊಲ ಯಾರಿಗಿದೆ? ಮುಕ್ಕಾಲು ಪಾಲು ಶನಿವಾರ ಕೆ.ಆರ್. ಮಾರ್ಕೆಟ್ಟಿನಿಂದ ತಂದದ್ದೇ. ಆದರೂ ಐವತ್ತು ರೂಪಾಯಿಯ ಕುಂಬಳಕಾಯಿ ಜಿದ್ದಿಗೆ ಬಿದ್ದು ಸಾವಿರ ದಾಟುತ್ತದೆ.

ಹರಾಜು ಕೂಗುವವರು ಮೇಷ್ಟ್ರು. ಸರ್ಕಾರಿ ಶಾಲೆಯಿಂದ ರಿಟೈರ್ ಆಗಿ ಹತ್ತು ಹದಿನೈದು ವರ್ಷವಾದರೂ ಇಡೀ ಸಭೆಗೆ ಅವರು ಮೇಷ್ಟ್ರೇ. ನಾನು ಆ ವರ್ಷ ವಿಮೆನ್ಸ್ ಫೆಲೋಶಿಪ್ಪಿನ ಪರವಾಗಿ ದುಡ್ಡಿನ ಟೇಬಲ್ಲಿನಲ್ಲಿ ಕೂತಿದ್ದೆ. ಒಂದು ಕಡೆ ಬಿರಿಯಾನಿ ಟೋಕನ್, ಇನ್ನೊಂದು ಕಡೆ ಕೇಕ್, ಚಿಲ್ಲರೆ ಇಲ್ಲ ಎನ್ನುವವರ ಗಲಾಟೆ. ಸಂಜೆ ಎಣಿಸಿದರೆ ಹರಾಜಿನ ಹಣವೇ ಇಲ್ಲ.

‘ಮೇಷ್ಟ್ರು ಇನ್ನೂ ಕೊಟ್ಟಿಲ್ಲ’ ಎಂದೆ.

‘ಕೊಟ್ಟೆನಲ್ಲಮ್ಮ, ಬ್ರೌನ್ ಕವರಲ್ಲಿ. ನಿನ್ನ ಕೈಗೇ ಕೊಟ್ಟೆ.’

‘ಇಲ್ಲ ಮೇಷ್ಟ್ರೇ. ನನಗಿನ್ನೂ ಅಷ್ಟು ವಯಸ್ಸಾಗಿಲ್ಲ, ನೆನಪಿರುತ್ತೆ.’

ಟೀ ಟೇಬಲ್ ಸುತ್ತ ಮೂವತ್ತು ಜನರಾದರೂ ಇದ್ದರು. ಯಾರೋ ನಕ್ಕರು. ಮೇಷ್ಟ್ರ ಹೆಂಡತಿ, ನಾನು ಚಿಕ್ಕಂದಿನಿಂದ ಆಂಟಿ ಎಂದು ಕರೆಯುವವರು, ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು ಗೇಟಿನ ಕಡೆ ನಡೆದರು.

ಮುಂದಿನ ಭಾನುವಾರ ಮೇಷ್ಟ್ರು ತಮ್ಮ ಪಿಂಚಣಿಯಿಂದ 6,400 ರೂಪಾಯಿ ತಂದು ಖಜಾಂಚಿಗೆ ಕಟ್ಟಿ ರಸೀದಿ ತೆಗೆದುಕೊಂಡರು. ಕಮಿಟಿಯಿಂದ ತಾವಾಗಿಯೇ ಹೊರಬಂದರು. ಎರಡನೇ ಸಾಲಿನ ಮನುಷ್ಯ ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಹೋಗಿ ಕೂತರು. ಆಂಟಿ ಬರುವುದನ್ನೇ ಬಿಟ್ಟರು.

ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟಿನ ಎರಡನೇ ವಾರ, ತರಕಾರಿಗೆ ಹೊರಡುವಾಗ, ಹಬ್ಬದ ದಿನ ಪಾತ್ರೆ ತುಂಬಿಕೊಂಡು ಹೋಗಿದ್ದ ಜೂಟ್ ಬ್ಯಾಗನ್ನು ಕೊಡವಿದೆ. ತಳಕ್ಕೆ ಹಾಕಿರುತ್ತಾರಲ್ಲ, ಆ ರಟ್ಟು ಹೊರಬಿತ್ತು. ಅದರ ಹಿಂದೆ ಬ್ರೌನ್ ಕವರು. ಒಳಗೆ ನೋಟುಗಳಿಗೆ ಸುತ್ತಿದ ಒಂದು ಚೀಟಿ, ಬೋರ್ಡಿನ ಮೇಲೆ ಬರೆದ ಹಾಗೆ ದುಂಡಗಿನ ಅಕ್ಷರದಲ್ಲಿ ಲೆಕ್ಕ: ಕುಂಬಳ 1,100. ಬಾಳೆಗೊನೆ 850. ಕೋಳಿ ಎರಡು 1,500. ಹೀಗೆ ಕೊನೆಯವರೆಗೆ. ಒಟ್ಟು 6,400.

ಇಲ್ಲಿಂದ ಮುಂದಿನದು ಹೇಳಲು ನಾಚಿಕೆ. ಏಳು ತಿಂಗಳು ನಾನು ಯಾರಿಗೂ ಹೇಳಲಿಲ್ಲ, ಮನೆಯವರಿಗೂ. ಕವರನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಕಾಣಿಕೆ ಚೀಲಕ್ಕೆ ಸದ್ದಿಲ್ಲದೆ ಹಾಕಿಬಿಡೋಣ ಎಂದು ಎರಡು ಸಲ ಚರ್ಚಿಗೆ ಒಯ್ದು, ಎರಡು ಸಲ ವಾಪಸ್ ತಂದೆ. ಹಾಕಿದ್ದರೆ ಚರ್ಚಿಗೆ ಎರಡು ಪಟ್ಟು ಹಣ ಸೇರುತ್ತಿತ್ತು, ಮೇಷ್ಟ್ರ ಹೆಸರು ಇದ್ದಲ್ಲೇ ಇರುತ್ತಿತ್ತು.

ಗುಡ್ ಫ್ರೈಡೇ ದಿನ ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಬಿಳಿ ಸೀರೆ ಉಟ್ಟು ಮೂರು ಗಂಟೆಯೂ ಕೂತೆ. ‘ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂಬ ನಾಲ್ಕನೇ ಮಾತಿಗೆ ಕಣ್ಣೀರೂ ಬಂತು. ಆ ಕಣ್ಣೀರು ಸುಳ್ಳಲ್ಲ, ಅದೇ ನನಗೆ ಇವತ್ತಿಗೂ ಅರ್ಥವಾಗದ ವಿಷಯ. ಎರಡು ಸಾವಿರ ವರ್ಷದ ಹಿಂದಿನ ಅನ್ಯಾಯಕ್ಕೆ ಅಳುತ್ತಿದ್ದ ನಾನು, ಹಿಂದಿನ ಬೆಂಚಿನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಪ್ರತಿ ವಾರ ಪಾಪದ ಅರಿಕೆಯನ್ನೂ ಮಾಡುತ್ತಿದ್ದೆ. ನಮ್ಮ ಆರಾಧನಾ ಕ್ರಮದಲ್ಲಿ ಅದು ಬಹುವಚನದಲ್ಲಿದೆ. ನಾವು ಪಾಪ ಮಾಡಿದ್ದೇವೆ, ನಮ್ಮನ್ನು ಕ್ಷಮಿಸು. ಇನ್ನೂರು ಗಂಟಲುಗಳ ಜೊತೆ ‘ನಾವು’ ಎನ್ನುವುದು ಎಷ್ಟು ಸುಲಭ! ಮದುವೆಮನೆಯ ಗುಂಪಿನಲ್ಲಿ ಚಪ್ಪಲಿ ಬಿಟ್ಟ ಹಾಗೆ, ಯಾವುದು ಯಾರದೆಂದು ಯಾರೂ ಕೇಳುವುದಿಲ್ಲ. ದಾವೀದನ 51ನೇ ಕೀರ್ತನೆಯಲ್ಲಿ ಮಾತ್ರ ಎಲ್ಲವೂ ‘ನಾನು’, ‘ನನ್ನ’. ಲೆಂಟಿನಲ್ಲಿ ಅದನ್ನು ಓದುವಾಗ ಬೇಗ ಮುಗಿಯಲಿ ಅನ್ನಿಸುತ್ತಿತ್ತು.

ಸೆಪ್ಟೆಂಬರ್ ಕೊನೆಗೆ ಸಿಎಸ್‌ಐ ಭಾನುವಾರ, ಅಂದರೆ ನಮ್ಮ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದ್ದನ್ನು ನೆನೆಯುವ ಭಾನುವಾರ, ಬಂತು. ಹಿಂದಿನ ಅಯ್ಯನವರಿಗೆ, ಪಾದ್ರಿಯವರನ್ನು ನಾವು ಕರೆಯುವುದು ಹಾಗೆ, ವರ್ಗವಾಗಿ ಹೊಸಬರು ಬಂದಿದ್ದರು, ಊರಿಗೂ ಹೊಸಬರು. ಪ್ರಸಂಗದಲ್ಲಿ ಐಕ್ಯತೆಯ ಕಥೆ ಹೇಳಿದರು. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವರು ಸೇರಿ, ಬೇರೆ ಬೇರೆ ಮಿಷನ್ನುಗಳು ತಂದ ಒಡಕನ್ನು ನಾವೇಕೆ ಹೊತ್ತು ತಿರುಗಬೇಕು ಎಂದು ಕೇಳಿದ್ದು, ಬಿಷಪ್ಪರು ಬೇಕೋ ಬೇಡವೋ, ಯಾರ ಅಭಿಷೇಕ ಸರಿ ಎಂದು ಚರ್ಚೆ ನಡೆದು ನಡೆದು ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್ಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮೊದಲೇ ಒಂದಾಗಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಒಂದೇ ಸಭೆಯಾದದ್ದು. ಅದಕ್ಕಾಗಿ ಅಷ್ಟು ದುಡಿದ ಬಿಷಪ್ ಅಜರಯ್ಯ ಆ ದಿನ ನೋಡಲು ಇರಲಿಲ್ಲ, 1945ರ ಹೊಸವರ್ಷದ ದಿನವೇ ತೀರಿಕೊಂಡಿದ್ದರು. ಇಪ್ಪತ್ತೆಂಟು ವರ್ಷದ ಮಾತುಕತೆ.

ನನಗೆ ನಮ್ಮ ಅಜ್ಜಿ ನೆನಪಾದರು. ಅಜ್ಜಿ ವೆಸ್ಲಿಯನ್ ಮಿಷನ್ನಿನವರು, ಕಾರ್ಪೊರೇಷನ್ ಎದುರಿನ ಹಡ್ಸನ್ ಚರ್ಚಿನ ಕಡೆ. ಅಜ್ಜ ಲಂಡನ್ ಮಿಷನ್, ಅವೆನ್ಯೂ ರೋಡಿನ ರೈಸ್ ಚರ್ಚಿನವರು. ಶಾಸನಗಳ ಬಿ.ಎಲ್. ರೈಸ್ ಎಂದರೆ ಕನ್ನಡಿಗರಿಗೆಲ್ಲ ಗೊತ್ತು, ಆ ಚರ್ಚಿಗೆ ಹೆಸರು ಕೊಟ್ಟವರು ಅವರ ತಂದೆ. ಎರಡು ಚರ್ಚುಗಳ ನಡುವೆ ನಡೆದುಹೋಗುವಷ್ಟು ದೂರ. ಎರಡೂ ಮಿಷನ್ನುಗಳ ಸಭೆಗಳು ಒಂದಾಗಿ ಎಷ್ಟೋ ವರ್ಷ ಕಳೆದ ಮೇಲೂ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅಜ್ಜ ಅಂದರೆ ಅಜ್ಜಿ, ‘ಲಂಡನ್ ಮಿಷನ್ನೋರ ನಾಲಿಗೆ, ಹಂಗೇ’ ಅನ್ನುತ್ತಿದ್ದರು.

ಪ್ರಸಂಗ ಮುಗಿಯಿತು. ನಮ್ಮ ಕ್ರಮದಲ್ಲಿ ಕಾಣಿಕೆಗೆ ಮೊದಲು ಸಮಾಧಾನ ಕೊಡುವುದು ಬರುತ್ತದೆ. ಅಯ್ಯನವರು ಆಲ್ಟರ್ ಬಳಿ ಇಬ್ಬರಿಗೆ ಕೊಡುತ್ತಾರೆ, ಅವರು ನಡುದಾರಿಯಲ್ಲಿ ಇಳಿದು ಪ್ರತಿ ಸಾಲಿನ ತುದಿಯವರಿಗೆ, ತುದಿಯವರು ಪಕ್ಕದವರಿಗೆ. ಬಲಗೈಗೆ ಬಲಗೈ ಕೊಟ್ಟು ಮೇಲಿನಿಂದ ಎಡಗೈ ಮುಚ್ಚಬೇಕು. ಕೇರಳದ ಸಿರಿಯನ್ ಕ್ರೈಸ್ತರಿಂದ ನಮಗೆ ಬಂದ ಪದ್ಧತಿ. ಕೊರೊನಾ ಬಂದ ಮೇಲೆ ನಮ್ಮಲ್ಲಿ ಕೈ ಮುಟ್ಟುವುದು ನಿಂತು, ನಿಂತಲ್ಲಿಂದಲೇ ನಮಸ್ಕಾರವಾಗಿತ್ತು. ನನಗೆ ಅದೇ ಬೇಕಿತ್ತು. ನಮಸ್ಕಾರವನ್ನು ಗಾಳಿಯಲ್ಲಿ ತೇಲಿಬಿಡಬಹುದು, ಇಂಥವರಿಗೇ ಎಂದು ವಿಳಾಸ ಬರೆಯಬೇಕಿಲ್ಲ.

ಹೊಸ ಅಯ್ಯನವರು, ‘ಇವತ್ತಿನಿಂದ ಮತ್ತೆ ಕೈಯಿಂದ ಕೈಗೆ ಕೊಡೋಣ’ ಎಂದರು. ಆಮೇಲೆ ಹಿಂದಿನ ಬೆಂಚು ನೋಡಿ, ‘ಸಭೆಯ ಹಿರಿಯರು ಮುಂದೆ ಬರಬೇಕು’ ಎಂದರು. ಹಳೆಯ ಕಥೆ ಅವರಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಸ್ವಲ್ಪ ತಡೆದು, ಎದ್ದು, ನಡುದಾರಿಯುದ್ದಕ್ಕೂ ನಡೆದು ಹೋದರು. ಚಪ್ಪಲಿ ಹೊರಗೆ ಬಿಟ್ಟ ಕಾಲಿನ ಸದ್ದು ಕೇಳಿಸುವಷ್ಟು ಮೌನ.

ನಾನು ಕಾಣಿಕೆ ಚೀಲ ಹಿಡಿಯುವ ಸರದಿಯಿದ್ದುದರಿಂದ ಸಾಲಿನ ತುದಿಯಲ್ಲೇ ಇದ್ದೆ. ಮೇಷ್ಟ್ರು ಬಂದು ಕೈ ಚಾಚಿದರು. ಒಣಗಿದ ಕೈ, ಸ್ವಲ್ಪ ನಡುಗುತ್ತಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: ‘ಮೇಷ್ಟ್ರೇ, ಕವರು ನನ್ನ ಹತ್ರಾನೇ ಇದೆ.’

ಅವರಿಗೆ ಕಿವಿ ಮಂದ. ‘ಏನಮ್ಮ?’

‘ಕವರು. ಹಾರ್ವೆಸ್ಟಿಂದು.’

ಒಂದು ಕ್ಷಣ ಮುಖ ನೋಡಿದರು. ಕೈ ಬಿಡಲಿಲ್ಲ, ಒತ್ತಲೂ ಇಲ್ಲ. ‘ಪಕ್ಕದವರಿಗೆ ಕೊಡಮ್ಮ, ಕಾಯ್ತಿದಾರೆ’ ಎಂದು ಮುಂದಿನ ಸಾಲಿಗೆ ಹೋದರು.

ನಾನು ಚೀಲ ಹಿಡಿಯಲಿಲ್ಲ, ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸಕ್ಕೂ ಏಳಲಿಲ್ಲ. ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ವಿರೋಧವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು ಎಂದು ಮತ್ತಾಯನ ಐದನೇ ಅಧ್ಯಾಯದಲ್ಲಿದೆ. ಭಾನುವಾರ ಶಾಲೆಯ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿದವಳೇ ನಾನು.

ಕೂತಲ್ಲಿ ಒಂದು ಪದ ತಲೆಯಲ್ಲಿ ಸುತ್ತುತ್ತಿತ್ತು, ಈಡು, ಅಂದರೆ ಬಿಡುಗಡೆಗೆ ತೆರುವ ಬೆಲೆ. ಯೇಸು ಅನೇಕರ ಬಿಡುಗಡೆಗೆ ತನ್ನ ಪ್ರಾಣವನ್ನು ಈಡು ಕೊಟ್ಟನು ಎಂದು ನಮ್ಮ ಸತ್ಯವೇದದಲ್ಲಿ ಬರುತ್ತದೆ. ನನ್ನ ಮಟ್ಟಿಗೆ ಅದು ಪ್ರಸಂಗದ ಪದವಾಗಿತ್ತು. ತನ್ನದಲ್ಲದ ಸಾಲಕ್ಕೆ ಒಬ್ಬ ಮನುಷ್ಯ 6,400 ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟು ಹಿಂದಿನ ಬೆಂಚಿಗೆ ಹೋದದ್ದನ್ನು ನಾನೇ ನೋಡಿದ್ದೆ. ಮೇಷ್ಟ್ರನ್ನು ಯೇಸುಸ್ವಾಮಿಗೆ ಹೋಲಿಸುತ್ತಿಲ್ಲ. ಕೇಳಿಸಿಕೊಂಡರೆ ಬೈಯುತ್ತಾರೆ, ಅವರದು ಮೊದಲೇ ಮೂಗಿನ ತುದಿಯ ಕೋಪ. ಆದರೆ ಅಷ್ಟು ವಾರವೂ ಆ ಬೆಂಚಿನಿಂದ ಅವರೂ ‘ನಾವು ಪಾಪ ಮಾಡಿದ್ದೇವೆ’ ಎಂದು ಹೇಳುತ್ತಿದ್ದರಲ್ಲ. ನಾನು ಬಚ್ಚಿಟ್ಟುಕೊಳ್ಳಲು ಬಳಸಿದ ಪದದೊಳಗೆ ನನ್ನದನ್ನೂ ಸೇರಿಸಿಕೊಂಡು ಹೊತ್ತಿದ್ದರು, ಅವರಿಗೇ ಗೊತ್ತಿಲ್ಲದೆ.

ಆಶೀರ್ವಾದವಾದ ಮೇಲೆ ಅಯ್ಯನವರ ಹತ್ತಿರ ಎರಡು ನಿಮಿಷ ಕೇಳಿದೆ. ‘ಕಮಿಟಿಯಲ್ಲಿ ಮಾತಾಡೋಣ’ ಎಂದರು, ಒಳ್ಳೆಯ ಮನಸ್ಸಿನಿಂದಲೇ. ಕಮಿಟಿಯಲ್ಲಿ ಆಡಿದ ಮಾತಾಗಿರಲಿಲ್ಲ ಅದು. ಟೀ ಟೇಬಲ್ ಹತ್ತಿರ ಹೋಗಿ, ಅಂದು ಎಲ್ಲಿ ನಿಂತಿದ್ದೆನೋ ಅಲ್ಲೇ ನಿಂತು ಹೇಳಿದೆ. ಕವರು ಸಿಕ್ಕಿದ ತಿಂಗಳನ್ನೂ ಹೇಳಿದೆ, ಅದೇ ಕಷ್ಟದ ಭಾಗ. ಯಾರೋ ‘ಹೋಗ್ಲಿ ಬಿಡಿ, ಮರೆವು ಎಲ್ಲರಿಗೂ ಇರುತ್ತೆ’ ಎಂದರು. ಮರೆವು ಮೂರು ತಿಂಗಳಿನದು, ಉಳಿದ ಏಳು ತಿಂಗಳು ಬೇರೆ ಎಂದೆ.

ಮೇಷ್ಟ್ರು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ ಕೇಳಿಸಿಕೊಂಡರು. ‘ನನಗೆ ಹೇಳಿದ್ದಾಯ್ತಲ್ಲಮ್ಮ. ಮನೇಲಿ ಒಬ್ಬಳು ಹತ್ತು ತಿಂಗಳಿಂದ ಈ ಗೇಟು ದಾಟಿಲ್ಲ. ಅವಳಿಗೆ ಹೇಳು.’

ಸಂಜೆ ಲಿಂಗರಾಜಪುರದ ಅವರ ಮನೆಗೆ ಹೋದೆ. ಆಂಟಿ ಬಾಗಿಲು ತೆಗೆದರು, ಬಾ ಎನ್ನಲಿಲ್ಲ, ಬೇಡವೆಂದೂ ಇಲ್ಲ. ಕವರನ್ನು ಟೀಪಾಯ್ ಮೇಲಿಟ್ಟು ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು, ಚೀಟಿ ಓದಿ, ನೋಟುಗಳನ್ನು ಒಂದೊಂದಾಗಿ ಎಣಿಸಿದರು. ಎರಡು ಸಲ. ಒಳಗೆ ಹೋಗಿ ಕಾಫಿ ತಂದರು.

‘ದುಡ್ಡು ಸರಿಯಾಗಿದೆ. ಅವರಿಗೆ ವಯಸ್ಸಾಗಿದೆ ಅಂದ್ಯಲ್ಲ, ಎಲ್ಲರ ಮುಂದೆ. ಅದು ಸರಿ ಹೋಗಲ್ಲ ಕಣೇ, ಇವತ್ತೇ’ ಎಂದರು.

ನಾನು ಸುಮ್ಮನಿದ್ದೆ. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ, ಪೂರ್ತಿ ಕುಡಿದೆ. ಹೊರಡುವಾಗ ಬಾಗಿಲಲ್ಲಿ, ‘ಈ ಸಲ ಹಾರ್ವೆಸ್ಟಿಗೆ ದುಡ್ಡಿನ ಟೇಬಲ್ಲಲ್ಲಿ ನೀನು ಕೂರಬೇಡ’ ಎಂದರು.

‘ಇಲ್ಲ ಆಂಟಿ.’

ಅವರು ಬಂದದ್ದು ಮೂರನೇ ಭಾನುವಾರ. ನನ್ನ ಸಾಲಿನಲ್ಲಿ ಜಾಗವಿತ್ತು, ಸರಿದು ಕೂತೆ. ನೋಡಿದರು, ಎರಡು ಸಾಲು ಹಿಂದೆ ಹೋಗಿ ಕೂತರು.