ಓದು ಕನ್ನಡದಲ್ಲಿ, ಮಾತು ಮನೆಮಾತಿನಲ್ಲಿ: ಕಾಸರಗೋಡಿನ ಗ್ರಂಥಾಲಯಗಳಲ್ಲಿ ಮನೆಮಂದಿಯ ಓದು

ಕರ್ನಾಟಕದ ಗಡಿಯ ತಲಪಾಡಿ ದಾಟಿ ಈಚೆಗೆ, ಕೇರಳದ ಕಾಸರಗೋಡಿಗೆ ಬಂದರೆ ಗ್ರಂಥಾಲಯದ ವ್ಯವಸ್ಥೆಯೇ ಬೇರೆ. ಕರ್ನಾಟಕದಲ್ಲಿ ಅದು ಇಲಾಖೆಯದ್ದು ಅಥವಾ ಪಂಚಾಯತಿನದ್ದು. ಇಲ್ಲಿ ಊರಿನವರೇ ಸಮಿತಿ ಕಟ್ಟಿ, ಅಧ್ಯಕ್ಷರು, ಕಾರ್ಯದರ್ಶಿಗಳನ್ನು ಆರಿಸಿ, ಕೇರಳ ರಾಜ್ಯ ಲೈಬ್ರರಿ ಕೌನ್ಸಿಲ್‌ನ ಮಾನ್ಯತೆ ಪಡೆದು ನಡೆಸುತ್ತಾರೆ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕೆಳಗೆ ಅನುದಾನ ಬರುತ್ತದೆ. ಮಕ್ಕಳಿಗೆ ಬಾಲವೇದಿ, ಹೆಂಗಸರಿಗೆ ವನಿತಾವೇದಿ ಎಂಬ ಕೂಟಗಳಿವೆ. ಹಾಗಾಗಿ ಮನೆಮಂದಿ ಕೂತು ಓದುವ ಕಾರ್ಯಕ್ರಮಕ್ಕೆ ಯಾರ ಆದೇಶಕ್ಕೂ ಕಾಯಬೇಕಿಲ್ಲ, ಸಮಿತಿ ಒಪ್ಪಿದರೆ ಸಾಕು.

ಜೂನ್ 19 ಕೇರಳದಲ್ಲಿ ವಾಚನಾ ದಿನ. 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಟ್ಟುಗೂಡಿಸಿ ಚಳವಳಿ ಶುರುಮಾಡಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನವದು. ಅಲ್ಲಿಂದ ಜುಲೈ 7ರವರೆಗೆ ಎಲ್ಲೆಡೆ ಓದಿನ ಕಾರ್ಯಕ್ರಮಗಳು. ಇದು ಹೆಮ್ಮೆಯ ಸಂಗತಿ, ಸಂಶಯವಿಲ್ಲ. ಆದರೆ ಮನೆಮಂದಿಯ ಓದನ್ನು ಆ ಹತ್ತೊಂಬತ್ತು ದಿನಕ್ಕೇ ಕಟ್ಟಿಹಾಕಿದರೆ ಅದು ಬೇರು ಬಿಡುವುದಿಲ್ಲ. ಶಾಲೆ ಆಗಷ್ಟೇ ತೆರೆದಿರುತ್ತದೆ, ಮಳೆ ಜೋರು, ಶೀಟು ಹೊದೆಸಿದ ಮಾಡಿನ ಕೆಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಓಣಂ ರಜೆ ಕಳೆದ ಮೇಲೆ ಶುರುಮಾಡಿ, ಮಾರ್ಚ್ ಪರೀಕ್ಷೆಯವರೆಗೆ ತಿಂಗಳಿಗೊಮ್ಮೆ ನಡೆಸುವುದು ಲೇಸು. ಭಾನುವಾರ ಮದುವೆ, ಗೃಹಪ್ರವೇಶಗಳ ದಿನ. ಎರಡನೇ ಶನಿವಾರ ಮಧ್ಯಾಹ್ನ 3ಕ್ಕೆ ಇಟ್ಟರೆ ಬೆಳಗಿನ ಮದರಸಕ್ಕೂ ಅಡ್ಡಿಯಾಗದು, ಕತ್ತಲಾಗುವ ಮೊದಲು ಬಸ್ಸೂ ಸಿಗುತ್ತದೆ.

ಇಂಥ ಕಾರ್ಯಕ್ರಮ ಕೆಡುವುದು ಹೆಚ್ಚಾಗಿ ಸ್ಪರ್ಧೆಯಿಂದ. ಬಹುಮಾನ ಇಟ್ಟರೆ ಜನ ಬರುತ್ತಾರೆ ನಿಜ. ಆದರೆ ಮಗು ವೇದಿಕೆಯ ಮೇಲೆ, ಅಪ್ಪ ಅಮ್ಮ ಹಿಂದಿನ ಸಾಲಿನ ಕುರ್ಚಿಯಲ್ಲಿ, ಮೊಬೈಲು ಕೈಯಲ್ಲಿ. ಓದು ಮಗುವಿನ ಪರೀಕ್ಷೆಯಾಗಿಬಿಡುತ್ತದೆ. ಕುರ್ಚಿ, ಮೈಕು, ವೇದಿಕೆ, ಉದ್ಘಾಟನೆಯ ಭಾಷಣ ಈ ನಾಲ್ಕನ್ನೂ ಕೈಬಿಡಿ. ನೆಲಕ್ಕೆ ಚಾಪೆ ಹಾಸಿ, ಮನೆಗೊಂದು. ಒಂದು ಸಲಕ್ಕೆ 12 ಮನೆ ಸಾಕು. ಅದಕ್ಕಿಂತ ಹೆಚ್ಚಾದರೆ ಗದ್ದಲದಲ್ಲಿ ಮೆಲುದನಿಯವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಮನೆಗೆ 3ರಂತೆ 36 ಪುಸ್ತಕ ಚಾಪೆಯ ಮೇಲೆ ಮೊದಲೇ ಇಟ್ಟಿರಲಿ. ಕಪಾಟಿನಿಂದ ಆರಿಸಲು ಬಿಟ್ಟರೆ ಅದಕ್ಕೇ ಅರ್ಧ ಗಂಟೆ ಬೇಕು.

ಒಟ್ಟು 75 ನಿಮಿಷ. ಬಂದು ಕೂರಲು 10, ಒಬ್ಬರು ಎಲ್ಲರಿಗೂ ಒಂದು ಕಥೆ ಓದಿ ತೋರಿಸಲು 15, ಮನೆಮನೆಯವರು ತಮ್ಮ ಚಾಪೆಯಲ್ಲಿ ಓದಲು 25, ಇಷ್ಟವಾದ ಒಂದು ಪುಟವನ್ನು ಪಕ್ಕದ ಚಾಪೆಯವರಿಗೆ ತೋರಿಸಲು 15, ಪುಸ್ತಕ ಪಡೆದು ಹೊರಡಲು 10. ಯಾವುದನ್ನು ಮೊಟಕುಗೊಳಿಸಿದರೂ ಆ 25ನ್ನು ಮುಟ್ಟಬಾರದು.

ಕಾಸರಗೋಡಿನ ನಿಜವಾದ ತೊಡಕು ಇರುವುದೂ ಆ 25 ನಿಮಿಷದಲ್ಲೇ. ಒಂದೇ ಚಾಪೆಯಲ್ಲಿ ತುಳು ಮಾತಾಡುವ ಅಜ್ಜಿ, ಮಲಯಾಳ ಮಾಧ್ಯಮದಲ್ಲಿ ಕಲಿತ ಅಮ್ಮ, ಕನ್ನಡ ಶಾಲೆಯ ಮಗು ಕೂತಿರಬಹುದು. ಪಕ್ಕದಲ್ಲಿ ಹವ್ಯಕ ಮನೆ, ಅದರಾಚೆ ಕೊಂಕಣಿ, ಬ್ಯಾರಿ, ಮರಾಟಿ. ‘ಇಲ್ಲಿ ಕನ್ನಡದಲ್ಲೇ ಮಾತಾಡಿ’ ಎಂದರೆ ದೊಡ್ಡವರು ಸುಮ್ಮನಾಗುತ್ತಾರೆ. ಅದಕ್ಕೇ ನಿಯಮ ಒಂದೇ: ಪುಟದಲ್ಲಿರುವುದನ್ನು ಕನ್ನಡದಲ್ಲಿ ಓದಿ, ಅದರ ಬಗ್ಗೆ ಮನೆಮಾತಿನಲ್ಲಿ ಮಾತಾಡಿ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುವ ತಾಳಮದ್ದಳೆ ಕೇಳಿ ಬೆಳೆದ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ರಮ ಹೀಗೆ. ಒಂದು ಪುಟ ಓದಿ ನಿಲ್ಲಿ. ಚಿತ್ರ ತೋರಿಸಿ ತುಳುವಿನಲ್ಲಿ ‘ಉಂದು ದಾದ?’ ಎಂದೋ ಇಲ್ಲವೇ ‘ಇದೆಂತ?’ ಎಂದೋ ಕೇಳಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ದೊಡ್ಡವರು ತಪ್ಪುವುದು ಇಲ್ಲೇ: ಎರಡು ಎಣಿಸುವಷ್ಟರಲ್ಲಿ ತಾವೇ ಉತ್ತರ ಹೇಳಿಬಿಡುತ್ತಾರೆ. ಮಗು ‘ನಾಯಿ’ ಅಂದರೆ ‘ಹೌದು, ಒದ್ದೆಯಾದ ನಾಯಿ’ ಎಂದು ಒಂದು ಮಾತು ಸೇರಿಸಿ, ಮಗುವಿನ ಬಾಯಲ್ಲಿ ಇನ್ನೊಮ್ಮೆ ಹೇಳಿಸಿ. ಆರು ವರ್ಷ ದಾಟಿದವರಿಗೆ ‘ಮುಂದೆ ಏನಾಗಬಹುದು?’, ‘ನಮ್ಮ ತೋಟದಲ್ಲಿ ಹೀಗಾದರೆ?’ ಎಂಬಂಥ ಪ್ರಶ್ನೆ ಬೇಕು. ಓದುವಾಗ ಉಚ್ಚಾರ ತಿದ್ದಬೇಡಿ. ವಾಕ್ಯದ ನಡುವೆ ಎರಡು ಸಲ ತಿದ್ದಿಸಿಕೊಂಡ ಮಗು ಮೂರನೆಯದಕ್ಕೆ ಪುಸ್ತಕ ಮಡಚುತ್ತದೆ.

ಕನ್ನಡ ಅಕ್ಷರ ಬಾರದ ಅಮ್ಮನಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣ ದೊಡ್ಡ ಆಸರೆ. ಒಂದೇ ಚಿತ್ರಕಥೆ ಕನ್ನಡದಲ್ಲೂ ಮಲಯಾಳದಲ್ಲೂ ಸಿಗುತ್ತದೆ, ಉಚಿತವಾಗಿ ಮುದ್ರಿಸಿಕೊಳ್ಳಬಹುದು. ಎರಡನ್ನೂ ಜತೆಯಾಗಿ ಇಡಿ. ಮೊದಲ ಹಂತದವು 250 ಪದದೊಳಗಿನವು, ಹೊಸಬರಿಗೆ ಅವೇ ಸಾಕು. ಬಣ್ಣದಲ್ಲೇ ಮುದ್ರಿಸಿ, ಕಪ್ಪುಬಿಳುಪು ಪ್ರತಿಯಲ್ಲಿ ಚಿತ್ರ ಮಸಿಯಾಗಿ, ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ.

ಓದಲು ಬಾರದ ಅಜ್ಜಿಯನ್ನು ಕೇಳುಗರಾಗಿ ಕೂರಿಸುವುದು ಅನ್ಯಾಯ. ಎದುರುಕತೆ (ಒಗಟು), ಅಜ್ಜಿಕತೆ ಅವರ ಹತ್ತಿರ ಬೇಕಾದಷ್ಟಿವೆ. ಎರಡನೇ ತಿಂಗಳು ಅವರು ಹೇಳಲಿ, ಮಗು ಕನ್ನಡ ಲಿಪಿಯಲ್ಲಿ ಬರೆಯಲಿ. ತುಳು ಮಾತು ತುಳುವಾಗಿಯೇ ಉಳಿಯಲಿ, ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಅಜ್ಜಿಗೇ ಅದು ತನ್ನ ಕಥೆ ಅನಿಸುವುದಿಲ್ಲ. ಎರಡು ಎ4 ಹಾಳೆ ನಡುವೆ ಮಡಚಿ ಒಂದರೊಳಗೊಂದು ಇಟ್ಟರೆ 8 ಪುಟ. ಮೊದಲನೆಯದು ಹೊದಿಕೆ, ಉಳಿದ ಪುಟಕ್ಕೊಂದು ವಾಕ್ಯ, ಒಂದು ಚಿತ್ರ. ಸಾಮಾನ್ಯ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟದು, ಹೊಲಿಯಬೇಕು. ಮಡಿಕೆಯ ಮೇಲೆ ಮೂರು ತೂತು, ಸುಮಾರು 50 ಸೆಂಟಿಮೀಟರ್ ದಪ್ಪ ನೂಲು. ಒಳಗಿನಿಂದ ನಡುವಿನ ತೂತಿಗೆ ಸೂಜಿ ಹಾಕಿ ಹೊರತನ್ನಿ, ಮೇಲಿನ ತೂತಿನಿಂದ ಒಳಗೆ, ಅಲ್ಲಿಂದ ನೇರ ಕೆಳಗಿನ ತೂತಿಗೆ ಹೊರಗೆ, ಮತ್ತೆ ನಡುವಿನಿಂದ ಒಳಕ್ಕೆ. ಒಳಗೆ ಮೇಲಿನಿಂದ ಕೆಳಗೆ ಹಾದ ಉದ್ದ ನೂಲಿನ ಆಚೆಗೊಂದು ಈಚೆಗೊಂದು ತುದಿ ಇಟ್ಟು ಗಂಟು ಹಾಕಿ. ಈ ಪುಸ್ತಕಕ್ಕೂ ಗ್ರಂಥಾಲಯದ ನಂಬರು ಕೊಟ್ಟು ಕಪಾಟಿನಲ್ಲಿಡಿ.

ಕನ್ನಡ ಮಕ್ಕಳ ಪುಸ್ತಕ ಕೊಳ್ಳುವಾಗ ಕನ್ನಡ ಓದಬಲ್ಲವರೊಬ್ಬರು ಜತೆಗೆ ಹೋಗಲೇಬೇಕು. ಇಲ್ಲದಿದ್ದರೆ ಬರುವುದು ಸಣ್ಣ ಅಕ್ಷರದ ನೀತಿಕಥೆ, ಸಾಮಾನ್ಯಜ್ಞಾನದ ಕಟ್ಟು. ಮನೆಗೆ ಕೊಡುವಾಗ ದೊಡ್ಡವರ ಕಾರ್ಡಿನಲ್ಲಿ ಎರಡು ಪುಸ್ತಕ, ಮುಂದಿನ ಎರಡನೇ ಶನಿವಾರದವರೆಗೆ. ರಿಜಿಸ್ಟರಿನಲ್ಲಿ ಪುಸ್ತಕದ ಹೆಸರಿನ ಜತೆಗೆ ಮನೆಯಲ್ಲಿ ಯಾರು ಯಾರಿಗೆ ಓದಿದರು ಎಂದೂ ಬರೆಯಿಸಿ. ಮುಂದಿನ ಸಲ ಯಾವ ಚಾಪೆಗೆ ಏನು ಇಡಬೇಕೆಂದು ಅದರಿಂದಲೇ ಗೊತ್ತಾಗುವುದು. ಪುಸ್ತಕ ಹರಿದು ಬಂದರೆ ದಂಡ ಹಾಕಬೇಡಿ, ದಂಡಕ್ಕೆ ಹೆದರಿದ ಮನೆಯಲ್ಲಿ ಅದು ಕಪಾಟಿನ ಮೇಲೇ ಉಳಿಯುತ್ತದೆ. ಸೆಲೋಟೇಪು ದಿನ ಕಳೆದಂತೆ ಹಳದಿಯಾಗಿ ಅಂಟು ಬಿಡುತ್ತದೆ. ತೆಳು ಕಾಗದದ ಪಟ್ಟಿಯನ್ನು ಮೈದಾ ಅಂಟಿನಲ್ಲಿ ಹಚ್ಚಿ, ಒಂದು ರಾತ್ರಿ ಭಾರ ಹೇರಿಡಿ. ಮಳೆಗಾಲದಲ್ಲಾದರೆ ಎರಡು ರಾತ್ರಿ, ಹಸಿ ಉಳಿದರೆ ಬೂಸ್ಟು ಹಿಡಿಯುತ್ತದೆ.